ಕಾಣುವಂಥ ಎರಡು ಗುರುತು

ಹೆದರಿಕೆಯಾದಾಗಲೆಲ್ಲ ನಾನು ಡೈರಿಯ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಉಳಿದವರು ಹೆದರಿದಾಗ ದೇವರನ್ನು ನೆನೆಯುತ್ತಾರೆ; ನಾನು ಪೆನ್ನು ಹುಡುಕುತ್ತೇನೆ. ಸಾಮಾನ್ಯ ವಾರಕ್ಕೆ ಮೂರೋ ನಾಲ್ಕೋ ಚುಕ್ಕೆ. ಸೇನೆಗೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆಂದು ನಂಜನಗೂಡಿನ ಕಾಲೇಜಿನಲ್ಲಿ ಕೇಳಿಬಂದ ವಾರ ಹತ್ತೊಂಬತ್ತು. ಅರ್ಜಿಗೆ ಶುಕ್ರವಾರ ಕೊನೆಯ ದಿನ.

ಸೋಮವಾರ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಲಾಭ, ಬಲಕ್ಕೆ ನಷ್ಟ. ಲಾಭವೆಂದರೆ ಸಮವಸ್ತ್ರ, ಸ್ವಂತ ಸಂಬಳ, ನಮ್ಮೂರು ಕವಲಂದೆಯಲ್ಲಿ ಬಸ್ಸಿಳಿದಾಗ ‘ಎಲ್ಲಿಗೆ ಹೋಗಿದ್ದೆ?’ ಎಂದು ಯಾರೂ ಕೇಳದಿರುವುದು. ನಷ್ಟವೆಂದರೆ ಚಳಿ, ಹಿಂದಿ, ನಾಲ್ಕು ವರ್ಷದ ಮೇಲೆ ಉಳಿಸಿಕೊಳ್ಳದಿದ್ದರೆ ಮುಂದೇನು ಎಂಬುದು, ಮತ್ತು ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವ ನಾನು. ಇನ್ನೊಂದು ನಷ್ಟವಿತ್ತು. ಬರೆಯಲು ಕೈ ಬರಲಿಲ್ಲ. ಅದಕ್ಕೊಂದು ಖಾಲಿ ಸಾಲು ಬಿಟ್ಟೆ.

ಮಂಗಳವಾರ ತಿ. ನರಸೀಪುರಕ್ಕೆ ಹೋದೆ. ಅಲ್ಲಿರುವ ನನ್ನ ಸೋದರಮಾವ ಸೇನೆಯಿಂದ ನಿವೃತ್ತನಾದವನು.

“ಮಾವ, ನಿಂಗೆ ಎದ್ರಿಕೆ ಆಗ್ತಿರ್ಲಿಲ್ವಾ?”

“ಆಗ್ದೆ ಇದ್ದದಾ? ಮೊದಲ್ನೇ ವರ್ಷ ಚಪಾತಿ ಕಂಡ್ರೆ ಎದರ್ಕತಿದ್ದೆ ಕಣವ್ವ. ಮೂರೊತ್ತೂ ಅದೇಯ. ಕನಸಲ್ಲಿ ಮುದ್ದೆ ಬರದು.”

“ಗುಂಡೇಟಿಗೆ?”

“ಅದಾ… ತಡಿ, ಕಾಫಿ ಮಾಡ್ಸ್ಕಂಡ್ ಬತ್ತೀನಿ,” ಎಂದು ಎದ್ದು ಒಳಗೆ ಹೋದ.

ಮಾವನ ಎಡಗಿವಿ ಕೇಳಿಸುವುದಿಲ್ಲ, ಗಡಿಯಲ್ಲಿ ಹೋದದ್ದು. ಅತ್ತೆ ಬೈಯಲು ಶುರುಮಾಡಿದರೆ ಅದೇ ಕಿವಿಯನ್ನು ಅವಳ ಕಡೆ ತಿರುಗಿಸಿ ನೆಮ್ಮದಿಯಾಗಿ ಕೂರುತ್ತಾನೆ. ಈ ಕಿವಿಯನ್ನು ಗೆರೆಯ ಯಾವ ಕಡೆ ಬರೆಯಬೇಕೆಂದು ಬಸ್ಸು ಊರು ಸೇರುವವರೆಗೂ ತೀರ್ಮಾನವಾಗಲಿಲ್ಲ.

ಬೆಳಿಗ್ಗೆ ನಾನು ಓಡುವ ನಾಲೆ ಏರಿಯ ಕೊನೆಯಲ್ಲಿ ಒಂದು ವೀರಗಲ್ಲಿದೆ. ಅದಕ್ಕೊರಗಿ ದಮ್ಮು ತೆಗೆದುಕೊಂಡು ಓಟದ ಸಮಯ ಬರೆದುಕೊಳ್ಳುವುದು ರೂಢಿ. ಬುಧವಾರ ಅದನ್ನು ಮೊದಲ ಸಲ ಸರಿಯಾಗಿ ನೋಡಿದೆ. ಕೆಳಗೆ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಅವನು ಮನೆಗೆ ಮರಳುವ ಚಿತ್ರ ಎಲ್ಲೂ ಇಲ್ಲ. ಮುಖ ಸವೆದು ಹೋಗಿದೆ. ಯಾರ ಮಗನೋ ಊರಲ್ಲಿ ಯಾರಿಗೂ ಗೊತ್ತಿಲ್ಲ. ಆ ದಿನ ಆರು ಚುಕ್ಕೆ. ಆದರೆ ಡೈರಿ ತಿರುವಿದಾಗ ಒಂದು ವಿಷಯ ಕಂಡಿತು: ಓಡುತ್ತಿರುವಾಗ ನಾನು ಹೆದರಿದ ದಾಖಲೆ ಒಂದೂ ಇಲ್ಲ. ಓಡುತ್ತ ಪೆನ್ನು ಹಿಡಿಯಲಾಗದು ಎಂಬುದೂ ಕಾರಣವಿರಬಹುದು.

ಶುಕ್ರವಾರ ಮಧ್ಯಾಹ್ನ ಫೋನಿನಲ್ಲಿ ಅರ್ಜಿ ತುಂಬಲು ಕೂತೆ. ಅರ್ಧಕ್ಕೆ ಬಂದಾಗ ಅದು ದೇಹದ ಮೇಲೆ ಕಾಣುವಂಥ ಎರಡು ಗುರುತು ಕೇಳಿತು. ಸೊಪ್ಪು ಬಿಡಿಸುತ್ತಿದ್ದ ಅವ್ವನಿಗೆ ಹೇಳಿದೆ.

“ಗದ್ದದ ಗಾಯ ಬರ್ಕೊ,” ಎಂದಳು. ಚಿಕ್ಕವಳಿದ್ದಾಗ ಕಪಿಲಾ ಹೊಳೆಯ ಮೆಟ್ಟಿಲ ಮೇಲೆ ಬಿದ್ದು ಆದದ್ದು. ಗಂಡಿನವರು ನೋಡಲು ಬಂದ ಎರಡು ಸಲವೂ ಅವ್ವನೇ ಪೌಡರ್ ಬಳಿದು ಮುಚ್ಚಿದ್ದಳು. “ಅವ್ರಿಗೆ ಬ್ಯಾಡ್ವಾದ್ದು ಸರ್ಕಾರ್ದೋರಿಗೆ ಬೇಕಾಯ್ತು ನೋಡು!” ಎಂದು ನಕ್ಕಳು. ನಗು ಅರ್ಧಕ್ಕೆ ನಿಂತಿತು. “ಅವರ್ಗ್ಯಾಕವ್ವ ಅದು?” ಎಂದು ಕೇಳಿದಳು.

“ನನ್ ಬದ್ಲು ಬೇರೆ ಯಾರೋ ಬಂದು ಓಡ್ಬಾರ್ದಲ್ಲ, ಅದಕ್ಕೆ.”

“ಅಷ್ಟೇಯಾ?”

“ಅಷ್ಟೇ.”

ನಾನು ಹೇಳಿದ್ದು ಸುಳ್ಳಲ್ಲ; ಮುಖ ಸವೆದ ವೀರಗಲ್ಲು ನೆನಪಾದದ್ದನ್ನು ಮಾತ್ರ ಹೇಳಲಿಲ್ಲ. ಆದರೆ ಹಾಳೆಯಲ್ಲಿ ಬಿಟ್ಟಿದ್ದ ಖಾಲಿ ಸಾಲು ನಮ್ಮಿಬ್ಬರ ನಡುವೆ, ಸೊಪ್ಪಿನ ಮೊರದ ಪಕ್ಕ ಬಂದು ಕೂತಿತ್ತು. ಅವ್ವ ಒದ್ದೆ ಬೆರಳಿನಿಂದ ನನ್ನ ಗದ್ದ ಸವರಿದಳು.

“ಇದಿಲ್ದಿದ್ರೂ ನಂಗ್ ಗುರ್ತು ಸಿಕ್ತದೆ. ಅವರ್ಗೆ ಬೇಕಲ್ಲ, ಬರ್ಕೊ. ಇನ್ನೊಂದು, ಎಡ ಮೊಣಕೈ ಇಂದೆ ಮಚ್ಚೆ ಅದೆ.”

ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಕನ್ನಡಿ ಮುಂದೆ ಕೈ ತಿರುಚಿ ನೋಡಿದೆ, ಇತ್ತು. ಎರಡನ್ನೂ ತುಂಬಿ ಅರ್ಜಿ ಕಳಿಸಿದೆ.

ಹಾಳೆಯ ಲೆಕ್ಕ ಇನ್ನೂ ಮುಗಿದಿಲ್ಲ. ಖಾಲಿ ಸಾಲು ಖಾಲಿಯೇ ಇದೆ, ಮಾವನ ಕಿವಿಗೂ ಜಾಗ ಸಿಕ್ಕಿಲ್ಲ. ಶುಕ್ರವಾರದ ಅಂಚಿನಲ್ಲಿ ಮಾತ್ರ ಎರಡು ಚುಕ್ಕೆ ಇವೆ. ಒಂದು ನನ್ನದು. ಇನ್ನೊಂದು ಅವ್ವನದು, ಅವಳು ಬರೆದಿಡುವವಳಲ್ಲ, ಅದಕ್ಕೆ ನಾನೇ ಇಟ್ಟೆ.