ಸೂರ್ಯನ ಕಳೆದುಹೋದ ಬೂಟು

ವಿಶೇಷ ಶಾಲೆಯ ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಒಂದು ಕಿಟಕಿ ಇದೆ. ಯೊಲಾನಾ ಅತ್ತೆಯ ಆಯುಷ್ಯದ ಬಹುಭಾಗ ಆ ಕಿಟಕಿಯ ಹಿಂದೆ ಕಳೆಯಿತು. ಕಿಟಕಿಯ ಕಟ್ಟೆಗೆ ಗಲ್ಲ ತಾಗಿಸಿ ನಿಲ್ಲುವ ಮಕ್ಕಳಿಗೆ ಅವಳು ಬೇಳೆ ಸಾರು ಬಡಿಸುತ್ತಿದ್ದಳು. ಹಂಡೆಯಿಂದ ಏಳುವ ಹಬೆಯ ಈಚೆಯಿಂದ ನೋಡಿದರೆ ಹಾಲಿನೊಳಗಿನ ಮಕ್ಕಳೆಲ್ಲ ನೀರಿನ ಅಡಿಯಲ್ಲಿ ಓಡಾಡಿಕೊಂಡಿರುವಂತೆ ಕಾಣುತ್ತಿದ್ದರಂತೆ. ಅವಳಿಗೆ ಆ ನೋಟ ಇಷ್ಟ. ಸೌಟು ಕೈಯಲ್ಲೇ ಹಿಡಿದು ಎಷ್ಟೋ ಹೊತ್ತು ಹಾಗೇ ನಿಂತುಬಿಡುತ್ತಿದ್ದಳು.

"ಏ ಯೊಲಾನಾ, ಸಾರು ಆರ್ತಾ ಇದೆ. ಕನಸನ್ನ ಆಮೇಲೆ ಬಡಿಸು," ಎಂದು ಜೊತೆಗೆ ಪಾತ್ರೆ ತೊಳೆಯುವ ಇರ್ಮಾ ಗದರುತ್ತಿದ್ದಳು.

ನಮ್ಮ ಕೇರಿ ಹೊಳೆಯ ಈಚೆ, ಸ್ಲೊವಾಕರ ಊರು ಆಚೆ. ಅವರನ್ನು ನಾವು ರೋಮಾ ಜನ ಗಾಜೊಗಳು ಎನ್ನುತ್ತೇವೆ. ಮರದ ಸೇತುವೆ ದಾಟಿದರೆ ಹಾದಿ ಎರಡಾಗುತ್ತದೆ. ಬಲಕ್ಕೆ ಹೋದರೆ ಊರಶಾಲೆ. ಎಡಕ್ಕೆ ಹೋದರೆ ವಿಶೇಷ ಶಾಲೆ; ಅದು ಬುದ್ಧಿ ನಿಧಾನವಾಗಿರುವ ಮಕ್ಕಳಿಗೆಂದು ಸರ್ಕಾರ ಮಾಡಿದ್ದು. ಕೇರಿಯ ಮಕ್ಕಳೆಲ್ಲ ಎಡಕ್ಕೇ ತಿರುಗುತ್ತಿದ್ದರು. ಅವರ ಅಪ್ಪಂದಿರೂ ಅಜ್ಜಿಯರೂ ಎಡಕ್ಕೇ ತಿರುಗಿದವರು. ಅದನ್ನು ಯಾರೂ ವಿಶೇಷವೆಂದು ಕಾಣಲಿಲ್ಲ. ಒಂದು ಮಧ್ಯಾಹ್ನ ಹಬೆಯ ಹಿಂದೆ ನಿಂತಿದ್ದಾಗ ಯೊಲಾನಾ ಅತ್ತೆಗೆ ಒಂದು ಯೋಚನೆ ಬಂತು: ಹುಟ್ಟುವಾಗಲೇ ನಿಧಾನವಾದ ಮಕ್ಕಳೆಲ್ಲ ಹೊಳೆಯ ಈಚೆ ದಡವನ್ನೇ ಹೇಗೆ ಹುಡುಕಿಕೊಂಡು ಬರುತ್ತಾರೆ? ಇರ್ಮಾಳನ್ನು ಕೇಳಿದಳು.

"ನಮ್ಮ ನೀರು ಹಾಗಿದೆ ಕಣೇ," ಎಂದಳು ಇರ್ಮಾ. "ಕುಡಿದು ನೋಡು, ನೀನೂ ನಿಧಾನ ಆಗಿದ್ದೀಯ."

ಇಬ್ಬರೂ ನಕ್ಕರು. ಯೋಚನೆ ಮಾತ್ರ ಹೋಗಲಿಲ್ಲ.

ಅತ್ತೆಯೂ ಅದೇ ಶಾಲೆಯಲ್ಲಿ ಓದಿದವಳು. ಚಿಕ್ಕಂದಿನಲ್ಲಿ ಅವಳಿಗೆ ರೈಲಿನಲ್ಲಿ ಟಿಕೆಟ್ ನೋಡುವ ಹೆಂಗಸಾಗುವ ಆಸೆಯಿತ್ತು. ನೀಲಿ ಟೋಪಿ ಹಾಕಿಕೊಂಡು, ಬೆಟ್ಟದ ಸಾಲಿನ ಬದಿಗೇ ಹೋಗುತ್ತ, ಪ್ರತಿ ಊರಿನ ಹೆಸರನ್ನೂ ಜೋರಾಗಿ ಕೂಗಬೇಕೆಂದಿದ್ದಳು. ಆ ಶಾಲೆಯಲ್ಲಿ ಓದಿದವರನ್ನು ರೈಲಿನವರು ತೆಗೆದುಕೊಳ್ಳುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ಅವಳಿಗೆ ಮದುವೆಯಾಗಿತ್ತು. ಗಂಡ ದೆಜಿದೆರ್ ಒಳ್ಳೆಯವನು. ಹಾಗಾಗಿ ಅವಳು ರೈಲನ್ನು ಮರೆತಳು. ಅಥವಾ ಮರೆತೆ ಎಂದು ಹೇಳುತ್ತಿದ್ದಳು.

ದೆಜಿದೆರ್ ಬಾವಿ ತೋಡುವವನು. ಕೇರಿಗೆ ಅವನು ಬೇಕಾಗಿದ್ದದ್ದು ಮಾತ್ರ ಸಾವಿನ ಮನೆಯಲ್ಲಿ. ಯಾರಾದರೂ ಸತ್ತರೆ ನಾವು ಮೂರು ರಾತ್ರಿ ಹೆಣದ ಜೊತೆ ಎಚ್ಚರವಾಗಿರುತ್ತೇವೆ. ಕನ್ನಡಿಗೆ ಬಟ್ಟೆ ಮುಚ್ಚುತ್ತೇವೆ, ಕಾಫಿ ಕುದಿಸುತ್ತೇವೆ, ಗಂಡಸರು ಇಸ್ಪೀಟು ಹಿಡಿಯುತ್ತಾರೆ. ಮಕ್ಕಳನ್ನೂ ಮಲಗಿಸುವುದಿಲ್ಲ. ನಿದ್ದೆ ಬಾರದ ಹಾಗೆ ಒಬ್ಬರು ಕಥೆ ಹೇಳಬೇಕು. ಆ ಒಬ್ಬ ಯಾವಾಗಲೂ ದೆಜಿದೆರ್.

ಅವನ ಕಥೆ ಒಂದೇ. ಸೂರ್ಯ ತನ್ನ ಒಂದು ಬೂಟು ಕಳೆದುಕೊಂಡಿದ್ದಾನೆ. ಅದಕ್ಕೇ ಚಳಿಗಾಲದಲ್ಲಿ ಕುಂಟುತ್ತಾನೆ, ದೂರ ನಡೆಯಲಾರ, ಬೇಗ ಹೋಗಿ ಮಲಗಿಬಿಡುತ್ತಾನೆ. ಒಬ್ಬಳು ಹುಡುಗಿ ಆ ಬೂಟನ್ನು ಹುಡುಕಲು ಹೊರಡುತ್ತಾಳೆ. ದಾರಿಯಲ್ಲಿ ಕಬ್ಬಿಣದ ಹಲ್ಲಿನ ಮುದುಕಿ, ಹಾಡಲು ಮರೆತ ಕಪ್ಪೆ, ಒಳಗಿನಿಂದ ಮಾತ್ರ ಬಾಗಿಲಿರುವ ಮನೆ. ಪ್ರತಿ ಸಾವಿನಲ್ಲೂ ಅವನು ಹೊಸದೊಂದನ್ನು ಸೇರಿಸುತ್ತಿದ್ದ. ಮೂರನೆಯ ಬೆಳಗು ಹರಿದು ಮಣ್ಣಿಗೆ ಹೊರಡುವ ಹೊತ್ತಾದರೂ ಹುಡುಗಿ ಇನ್ನೂ ದಾರಿಯಲ್ಲೇ ಇರುತ್ತಿದ್ದಳು.

"ಬೂಟು ಸಿಕ್ತೋ ಇಲ್ವೋ ಹೇಳಿಬಿಡು ಮಾರಾಯ," ಎಂದು ಜನ ಬೇಡಿಕೊಂಡರೆ, "ಉಳಿದದ್ದು ಮುಂದೆ ಯಾರಾದರೂ ಸತ್ತಾಗ. ಅವಸರ ಇದ್ದೋರು ಸಾಯಬಹುದು," ಎನ್ನುತ್ತಿದ್ದ.

ಮುಂದೆ ಸತ್ತವನು ಅವನೇ. ಹಿಮ ಕರಗುವ ಕಾಲ. ಅಂಗಳದಲ್ಲಿ ಅರ್ಧ ಕೆಸರು, ಅರ್ಧ ಬಿಳಿ. ಜನ ಸೇರಿದರು, ಕಾಫಿ ಕುದಿಯಿತು. ಕಥೆ ಹೇಳುವವನು ಮಾತ್ರ ಪೆಟ್ಟಿಗೆಯಲ್ಲಿ ಕೈ ಮಡಿಸಿಕೊಂಡು ಮಲಗಿದ್ದ. ಇಸ್ಪೀಟಿನ ಎಲೆ ಬೀಳುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಆಗ ಒಲೆಯ ಮೂಲೆಯಿಂದ ಒಂದು ಸಣ್ಣ ದನಿ ಕೇಳಿತು. "ಸೂರ್ಯ ಒಂದು ಬೂಟು ಕಳ್ಕೊಂಡಿದ್ದ. ಯಾವ ಕಾಲಿಂದು ಅಂತ ಅವನಿಗೂ ನೆನಪಿರಲಿಲ್ಲ."

ಅದು ಮೊಮ್ಮಗಳು. ಕಾಗದದಲ್ಲಿ ಸಬೀನಾ, ನಮಗೆಲ್ಲ ಚಿರಿಕ್ಲಿ, ಅಂದರೆ ಹಕ್ಕಿ. ಆರು ವರ್ಷ. ಅಜ್ಜ ಎಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದನೋ ಅಲ್ಲೇ ಎಳೆದುಕೊಂಡು, ಎಲ್ಲಿ ಕಾಫಿ ಗುಟುಕರಿಸುತ್ತಿದ್ದನೋ ಅಲ್ಲಿ ಖಾಲಿ ಲೋಟ ತುಟಿಗಿಟ್ಟು, ಅವಳು ಮೂರು ರಾತ್ರಿಯೂ ಹೇಳಿದಳು. ಗಂಡಸರು ಎಲೆ ಮುಚ್ಚಿಟ್ಟರು. ಮೂರನೆಯ ಬೆಳಗಿನ ಬೂದು ಬೆಳಕಿನಲ್ಲಿ ಅಜ್ಜ ಎಂದೂ ತಲುಪದ ಕಡೆಗೆ ಅವಳು ತಲುಪಿದಳು. ಬೂಟು ನಮ್ಮ ಹೊಳೆಯಲ್ಲೇ ಬಿದ್ದಿತ್ತು. ಒಂದು ಮೀನು ಅದರೊಳಗೆ ಮರಿಗಳನ್ನು ಮಲಗಿಸಿತ್ತು. ಹುಡುಗಿ ಬೂಟನ್ನು ಕಿತ್ತುಕೊಳ್ಳಲಿಲ್ಲ, ಮರಿಗಳು ದೊಡ್ಡವಾಗಲಿ ಎಂದು ದಡದಲ್ಲಿ ಕುಳಿತಳು. "ಅದಕ್ಕೇ ನಮ್ಮಲ್ಲಿ ಬೇಸಿಗೆ ತಡ," ಎಂದು ಮುಗಿಸಿದಳು. ಯೊಲಾನಾ ಅತ್ತೆ ಪೆಟ್ಟಿಗೆಯತ್ತ ನೋಡಿದಳು. ಗಂಡ ಕೇಳಿಸಿಕೊಂಡ ಹಾಗಿತ್ತು.

ಅವನನ್ನು ಮಣ್ಣು ಮಾಡಿದ ಮರುದಿನ ಬೆಳಗ್ಗೆಯೇ ಚಿರಿಕ್ಲಿಯ ಪರೀಕ್ಷೆ. ಶಾಲೆಗೆ ಸೇರುವ ಮುಂಚೆ ಮಕ್ಕಳ ಬುದ್ಧಿ ನೋಡಲು ಪಟ್ಟಣದಿಂದ ಒಬ್ಬ ಡಾಕ್ಟರಮ್ಮ ವಿಶೇಷ ಶಾಲೆಗೆ ಬರುತ್ತಿದ್ದಳು. ಆ ದಿನ ತಪ್ಪಿದರೆ ಮಗುವಿಗೆ ಎಲ್ಲೂ ಜಾಗವಿಲ್ಲವೆಂದು ಚಿರಿಕ್ಲಿಯ ತಾಯಿ ರೆನಾತಾ ನಂಬಿದ್ದಳು. ಹಾಗೆಂದು ಯಾರೂ ಹೇಳಿರಲಿಲ್ಲ. ಅಲ್ಲವೆಂದೂ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಸಾವಾಗಿದೆ, ಇನ್ನೊಂದು ದಿನ ಕೊಡಿ ಎಂದು ಕೇಳಬಹುದಿತ್ತು. ಆದರೆ ಸತ್ತವನ ಹೆಸರನ್ನು ಆ ಹೊಸತರಲ್ಲಿ ನಾವು ಬಾಯಿಬಿಟ್ಟು ಹೇಳುವುದಿಲ್ಲ, ಕರೆದ ಹಾಗಾಗುತ್ತದೆ. ಗಾಜೊಗಳ ಮುಂದಂತೂ ಎತ್ತುವುದೇ ಇಲ್ಲ. ತಾಯಿ, ಮಗಳು, ಮೊಮ್ಮಗಳು ಮೂವರೂ ಮಂಜಿನಲ್ಲಿ ಸೇತುವೆ ದಾಟಿದರು. ಒಂದು ರಾತ್ರಿಯ ನಿದ್ದೆ ಮೂರು ರಾತ್ರಿಗೆ ಸಾಲದೆ ಮಗು ನಡೆಯುತ್ತಲೇ ತೂಕಡಿಸುತ್ತಿತ್ತು.

ಮಗುವನ್ನು ಒಳಗೆ ಕರೆದರು. ಇವರಿಬ್ಬರೂ ಓಣಿಯಂಥ ಮೊಗಸಾಲೆಯ ಪುಟ್ಟ ಬೆಂಚಿನ ಮೇಲೆ ಕುಳಿತರು. ಎಲೆಕೋಸು ಬೇಯುವ ವಾಸನೆ ಬರುತ್ತಿತ್ತು. ಅಡುಗೆಮನೆಯಿಂದ ಇರ್ಮಾ ಇಣುಕಿದಳು.

"ಸೆಪ್ಟೆಂಬರಿಂದ ಮೊಮ್ಮಗಳು ನಿನ್ನ ಕಿಟಕಿಗೇ ಬರ್ತಾಳೆ ಬಿಡು. ಬೇಳೆ ಅವಳ ತಟ್ಟೆಗೆ, ನೀರು ನನ್ನ ಮೊಮ್ಮಗನ ತಟ್ಟೆಗೆ."

ಅದನ್ನು ನೆನೆದೇ ಅತ್ತೆಯ ಎದೆ ಬೆಚ್ಚಗಾಯಿತು. ದಿನವೂ ಮಧ್ಯಾಹ್ನ, ಹಬೆಯ ಆಚೆ, ಕಟ್ಟೆಯ ಮೇಲೆ ಆ ಪುಟ್ಟ ಗಲ್ಲ. ಅವಳ ಕಣ್ಣು ಮುಚ್ಚಿತು.

ಪಕ್ಕದಲ್ಲಿ ದೆಜಿದೆರ್ ಕುಳಿತಿದ್ದ. ಪ್ಯಾಂಟಿನ ಮೊಣಕಾಲಿಗೆ ಹಸಿ ಮಣ್ಣು. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು.

"ಇನ್ನೊಂದೆಲ್ಲಿ?" ಎಂದಳು.

"ಒಳಗೆ, ಮೇಜಿನ ಮೇಲೆ," ಎಂದು ಅವನು ಬಾಗಿಲಿನತ್ತ ಗಲ್ಲ ಎತ್ತಿ ತೋರಿಸಿದ.

ಬಾಗಿಲು ತೆರೆಯಿತು. ಡಾಕ್ಟರಮ್ಮ ಹೊರಗೆ ಬಂದಳು. ಅವಳ ಹಿಂದೆ, ಮೇಜಿನ ಮೇಲೆ ಕೆನ್ನೆಯಿಟ್ಟು ಮಗು ಮಲಗಿತ್ತು.

"ಅಮ್ಮಾ, ನಿಮ್ಮ ಮಗು ಮುದ್ದಾಗಿದೆ," ಎಂದಳು ಮೆಲ್ಲಗೆ. ಅವಳ ದನಿಯಲ್ಲಿ ಕೇಡಿರಲಿಲ್ಲ. "ಆದರೆ ಉತ್ತರ ಕೊಡೋದಿಲ್ಲ. ಕೊಟ್ಟ ಒಂದು ಉತ್ತರಾನೂ ಸಂಬಂಧ ಇಲ್ಲದ್ದು. ಬೂಟಿನ ಚಿತ್ರ ತೋರಿಸಿ ಇದೇನು, ಯಾವುದಕ್ಕೆ ಬರುತ್ತೆ ಅಂದೆ. ಇದು ಸೂರ್ಯಂದು, ಮುಟ್ಟಬೇಡಿ, ಒಳಗೆ ಮರಿ ಮಲಗಿವೆ ಅಂದಳು. ಆಮೇಲೆ ತಾನೂ ಮಲಗಿದಳು. ಇಲ್ಲೇ ಸೇರಿಸಿ, ಇಲ್ಲಿ ಅವಳಿಗೆ ಕಷ್ಟ ಆಗೋದಿಲ್ಲ." ಒಪ್ಪಿಗೆಯ ಕಾಗದವನ್ನೂ ಪೆನ್ನನ್ನೂ ರೆನಾತಾಳ ಕೈಗಿಟ್ಟಳು.

ರೆನಾತಾ ಫಕ್ಕನೆ ನಕ್ಕಳು. ದುಃಖದ ಮನೆಯವಳು ನಕ್ಕೆನಲ್ಲ ಎಂದು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಆಮೇಲೆ ಅಳು ಬಂತು. ಡಾಕ್ಟರಮ್ಮನಿಗೆ ಒಂದೂ ಅರ್ಥವಾಗಲಿಲ್ಲ.

ಯೊಲಾನಾ ಅತ್ತೆ ಎದ್ದು ನಿಂತಳು. "ನನ್ನ ಗಂಡ ಸತ್ತಿದ್ದಾನೆ. ಅವನ ಹೆಸರು ದೆಜಿದೆರ್," ಎಂದಳು.

"ಅವ್ವಾ," ಎಂದು ರೆನಾತಾ ಅವಳ ತೋಳು ಹಿಡಿದಳು.

"ಹೇಳ್ತೀನಿ ಬಿಡು. ಅವನು ಹೇಗೂ ಇಲ್ಲೇ ಕೂತಿದ್ದಾನೆ." ಡಾಕ್ಟರಮ್ಮನ ಕಡೆ ತಿರುಗಿದಳು. "ಅವನ ಹೆಣದ ಮುಂದೆ ಈ ಮಗು ಮೂರು ರಾತ್ರಿ ಕಥೆ ಹೇಳಿದೆ ತಾಯಿ. ಆ ಬೂಟು ಕಥೆಯೊಳಗಿಂದು. ಮಗು ನಿದ್ದೆಗೆಟ್ಟಿದೆ. ನೀವು ಕೇಳಿದ್ದು ನಿಮ್ಮ ಭಾಷೇಲಿ, ಮಗುವಿಗೆ ಚೆನ್ನಾಗಿ ಬರೋದು ನಮ್ಮ ಭಾಷೆ."

ಡಾಕ್ಟರಮ್ಮ ತಿರುಗಿ ಒಳಗೆ ಮಲಗಿದ್ದ ಮಗುವನ್ನು ನೋಡಿದಳು. "ನಾನು ಈ ಕೋಣೆಯಲ್ಲಿ ಕಂಡದ್ದನ್ನ ಮಾತ್ರ ಬರೀಬಹುದು," ಎಂದಳು. "ಆದರೆ ತಾಯಿ ಸಹಿ ಹಾಕದೆ ಮಗು ಇಲ್ಲಿಗೆ ಬರೋದಿಲ್ಲ. ಹಾಕದಿದ್ದರೆ ಊರಶಾಲೆ ಸೇರಿಸಿಕೊಳ್ಳಲೇಬೇಕು. ಅದು ನಿಮಗೆ ಬಿಟ್ಟದ್ದು."

ರೆನಾತಾ ಪೆನ್ನು ಹಿಡಿದೇ ಇದ್ದಳು. ಅವಳೂ ಇದೇ ಶಾಲೆಯವಳು. "ಅಲ್ಲಿ ಅವಳು ಒಬ್ಬಳೇ ಅವ್ವಾ. ಯಾರ ಜೊತೆ ಊಟ ಮಾಡ್ತಾಳೆ? ಇಲ್ಲಾದ್ರೆ ಅವಳ ಚಿಕ್ಕಪ್ಪನ ಮಕ್ಕಳು ಇದ್ದಾರೆ, ನೀನಿದ್ದೀಯ. ನೀನೇ ಹೇಳು, ಹಾಕ್ಲಾ?"

"ನನ್ನ ಕೇಳಬೇಡ," ಎಂದಳು ಅತ್ತೆ. "ಇಲ್ಲಿಗೆ ಬಂದ್ರೆ ದಿನಾ ನನ್ನ ಕಣ್ಣೆದುರಿಗೆ ಇರ್ತಾಳೆ. ನಂಗೆ ಬೇಕಾಗಿರೋದೂ ಅದೇ. ಅದಕ್ಕೇ ನನ್ನ ಮಾತು ತೂಕಕ್ಕೆ ಹಾಕಬೇಡ." ಆಮೇಲೆ ತನಗೇ ಹೇಳಿಕೊಳ್ಳುವಂತೆ ಅಂದಳು: "ನಂಗೆ ಇಲ್ಲಿ ಮೂರು ವರ್ಷಾನೂ ಒಂದೇ ಪುಸ್ತಕ ಕೊಟ್ರು. ಪ್ರತಿ ವರ್ಷ ಮೊದಲನೇ ಹಾಳೆಯಿಂದ ಶುರು. ಅರ್ಧಕ್ಕೆ ಬರೋಷ್ಟರಲ್ಲಿ ಬೇಸಿಗೆ ರಜ. ಕೊನೇ ಹಾಳೇಲಿ ಏನಿತ್ತು ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ ಕಣೇ."

ರೆನಾತಾ ತಾಯಿಯ ಮುಖ ನೋಡಿದಳು. ಪೆನ್ನನ್ನು ಬೆಂಚಿನ ಮೇಲಿಟ್ಟಳು. ಒಳಗೆ ಹೋಗಿ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟಳು.

ಆ ಬೇಸಿಗೆಯೆಲ್ಲ ಕೇರಿಯಲ್ಲಿ ಅದೇ ಮಾತು. "ನಾವೆಲ್ಲ ಓದಿದ ಶಾಲೆ ನಿಮಗೆ ಸಾಲ್ದಾಯ್ತಾ?" ಎಂದರು ಕೆಲವರು. ಇರ್ಮಾ ಒಂದು ವಾರ ಅತ್ತೆಯ ಜೊತೆ ಮಾತು ಬಿಟ್ಟಳು. ಎಂಟನೆಯ ದಿನ ಪಾತ್ರೆ ಉಜ್ಜುತ್ತ, ಮುಖ ತಿರುಗಿಸದೆ ಕೇಳಿದಳು: "ಮುಂದಿನ ವರ್ಷ ಡಾಕ್ಟರಮ್ಮ ಬರೋವಾಗ ನನ್ನ ಸಣ್ಣ ಮೊಮ್ಮಗನ್ನ ಚೆನ್ನಾಗಿ ನಿದ್ದೆ ಮಾಡಿಸಿ ಕರ್ಕೊಂಡು ಬಂದ್ರೆ?"

"ನಿದ್ದೆ ಮಾಡಿಸು. ಪೆನ್ನು ಮಾತ್ರ ಮುಟ್ಟಬೇಡ ಅಂತ ನಿನ್ನ ಸೊಸೆಗೆ ಹೇಳು," ಎಂದಳು ಅತ್ತೆ.

ಸೆಪ್ಟೆಂಬರಿನ ಮೊದಲ ದಿನ ಹೊಳೆಯ ಮೇಲೆ ಮಂಜು ಕೂತಿತ್ತು. ಸೇತುವೆ ದಾಟಿದ ಮೇಲೆ ಮಕ್ಕಳ ಹಿಂಡು ಎಡಕ್ಕೆ ತಿರುಗಿತು. ಚಿರಿಕ್ಲಿ ಬಲಕ್ಕೆ ತಿರುಗಿದಳು. ಹಿಂಡಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು, ಅವಳು ನಿಂತಳು. ಸೇತುವೆಯ ಮೇಲೆ ನೋಡುತ್ತ ನಿಂತಿದ್ದ ಅತ್ತೆ ಒಂದು ಹೆಜ್ಜೆ ಮುಂದಿಟ್ಟಳು. ಮಗು ಆ ಕಡೆ ಕೈ ಬೀಸಿ ಮತ್ತೆ ನಡೆಯಿತು. ಮಂಜು ಮೊದಲು ಅವಳ ಕಾಲನ್ನು ನುಂಗಿತು, ಆಮೇಲೆ ಚೀಲವನ್ನು.

ಆ ಮಧ್ಯಾಹ್ನ ಅತ್ತೆ ಕಿಟಕಿಯ ಹಿಂದೆ ನಿಂತು ಬಡಿಸಿದಳು. ಗಲ್ಲಗಳು ಬಂದವು, ಹೋದವು. ತನಗೆ ಬೇಕಾದ ಒಂದು ಗಲ್ಲ ಆ ಕಟ್ಟೆಗೆ ಇನ್ನು ಬರುವುದಿಲ್ಲ. ಇರ್ಮಾ ಆ ದಿನ ಅವಳನ್ನು ಗದರಲಿಲ್ಲ.

ಸಂಜೆ ಚಿರಿಕ್ಲಿ ಅಂಗಳಕ್ಕೆ ಬಂದು, ಕೈ ತೊಳೆಯದೆ ಬಿಸಿ ರೊಟ್ಟಿಗೆ ಕೈ ಹಾಕಿದಳು. ಕೊನೆಯ ಬೆಂಚಿನಲ್ಲಿ ಕೂರಿಸಿದ್ದಾರೆ ಎಂದಳು. ಪಕ್ಕದಲ್ಲಿ ಯಾರೂ ಇಲ್ಲ ಎಂದಳು. ಟೀಚರ್ ಹೇಳಿದ್ದು ಅರ್ಧ ತಿಳಿಯಲಿಲ್ಲ ಎಂದಳು. ರೆನಾತಾ ಒಲೆಯ ಕಡೆ ಮುಖ ಮಾಡಿದಳು.

"ಪುಸ್ತಕ ಕೊಟ್ರಾ?" ಎಂದು ಕೇಳಿದಳು ಅತ್ತೆ.

ಮಗು ಚೀಲದಿಂದ ಹೊಸ ಪುಸ್ತಕ ತೆಗೆದು ಅಜ್ಜಿಯ ತೊಡೆಯ ಮೇಲಿಟ್ಟಿತು. ಅತ್ತೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ರಟ್ಟಿನ ಮೇಲೆ ಬೆರಳಾಡಿಸಿ, ಹಿಂದಿನಿಂದ ತೆರೆಯಹೋದಳು.

ಚಿರಿಕ್ಲಿ ತನ್ನ ಅಂಗೈಯನ್ನು ಅದರ ಮೇಲೆ ಒತ್ತಿಟ್ಟಳು.

"ಬೇಡ ಅಜ್ಜಿ. ನಾನಿನ್ನೂ ಅಲ್ಲಿಗೆ ಹೋಗಿಲ್ಲ. ಹೋದಾಗ ಏನಿತ್ತು ಅಂತ ಬಂದು ಹೇಳ್ತೀನಿ."

ಅತ್ತೆ ಪುಸ್ತಕವನ್ನು ಮುಚ್ಚಿದಳು. ಹೊಳೆಯ ಆಚೆ ಸೂರ್ಯ ಬೆಟ್ಟದ ಅಂಚಿನಲ್ಲಿ, ಸ್ವಲ್ಪ ಕುಂಟುತ್ತಲೇ, ಇನ್ನೂ ನಡೆಯುತ್ತಿದ್ದ.