ಮೂರು ಸಲ ಉಜ್ಜಿದ ಬಿಲ್ಲೆ

ಹೊಳಲ್ಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯವನ್ನು ನಿವೃತ್ತಿಯವರೆಗೂ ನೋಡಿಕೊಂಡವಳು ನಾನು. ಆದರೂ ಚಿತ್ರದುರ್ಗದ ವಿಚಾರಸಂಕಿರಣವೊಂದರಲ್ಲಿ, ನನ್ನ ತಂಗಿಯ ಮಗಳ ಸಂಶೋಧನಾ ಮಾರ್ಗದರ್ಶಕರು ನನ್ನ ಪ್ರಶ್ನೆಯನ್ನು ಅರ್ಧಕ್ಕೇ ತಡೆದು, “ಊಟ ಹಿಂದುಗಡೆ ಇದೆ, ಹೋಗಿ ಬನ್ನಿ ಅಮ್ಮ” ಎಂದಿದ್ದರು. ನಾನು ಕೇಳುತ್ತಿದ್ದುದು ಉಷ್ಣವಾಹಕತೆಯ ಬಗ್ಗೆ. ಊಟವೂ ಹಿಂದುಗಡೆ ಇರಲಿಲ್ಲ, ಎಡಗಡೆ ಇತ್ತು.

ಹೀಗಾಗಿ, ಹೋದ ವರ್ಷ ಆ ಹುಡುಗಿ ಹೊಸದುರ್ಗದಿಂದ ಅಳುಮುಖ ಮಾಡಿಕೊಂಡು ಬಂದು, ಅವರು ತನ್ನ ಪ್ರಬಂಧದ ಒಂದು ಅಧ್ಯಾಯವನ್ನೇ ಕೈಬಿಡಲು ಹೇಳಿದ್ದಾರೆಂದಾಗ, ತಪ್ಪು ಯಾರದೆಂಬ ಬಗ್ಗೆ ನನಗೆ ಅನುಮಾನವಿರಲಿಲ್ಲ.

ಸಿಲಿಕಾನ್ ಬಿಲ್ಲೆಗಳ ಮೇಲೆ ವಜ್ರದ ತೆಳು ಪದರ ಬೆಳೆಸಿ, ಅದರಲ್ಲಿ ಶಾಖ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆಯುವುದು ಅವಳ ಕೆಲಸ. ಶಾಖ ಸಾಗಿಸುವುದರಲ್ಲಿ ವಜ್ರ ತಾಮ್ರವನ್ನೂ ಮೀರಿಸುತ್ತದೆ. ಅವಳ ಸಹಪಾಠಿಯ ಪದರ ಚೆನ್ನಾಗಿಯೇ ಸಾಗಿಸಿತು. ಅದೇ ಯಂತ್ರ, ಅದೇ ಅನಿಲ, ಅದೇ ದಪ್ಪ. ಇವಳದು ಮಾತ್ರ ಬಹಳ ಹಿಂದೆ ಬಿತ್ತು.

“ಅಳತೇಲೇ ಎಡವಟ್ಟು ಮಾಡಿದೀಯ ಅಂದ್ರು, ದೊಡ್ಡಮ್ಮ. ಸೋಮವಾರದೊಳಗೆ ಕಾರಣ ಹೇಳ್ದಿದ್ರೆ ಅಧ್ಯಾಯ ಹೋದಂಗೆ.”

“ಅವರಿಗೆ ಎಡಗಡೆ ಯಾವುದು ಅಂತಾನೇ ಗೊತ್ತಿಲ್ಲ. ಮೈಕ್ರೋಸ್ಕೋಪಿನ ಫೋಟೋ ತೋರ್ಸು.”

ಲ್ಯಾಪ್‌ಟಾಪಿನಲ್ಲಿ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಳು. ಸಹಪಾಠಿಯ ಪದರದಲ್ಲಿ ಹರಳುಗಳು ಕಲ್ಲುಸಕ್ಕರೆಯ ತುಂಡುಗಳಂತಿದ್ದವು. ಇವಳದು ಚಿರೋಟಿ ರವೆ.

“ದುರ್ಗದ ಬಸ್ಸು ಕೈ ತೋರಿಸಿದಲ್ಲೆಲ್ಲ ನಿಂತ್ರೆ ಏನಾಗ್ತೈತೆ? ಒಂದು ಹರಳು ಮುಗಿದು ಇನ್ನೊಂದು ಶುರುವಾಗೋ ಗಡಿ ಅಂದ್ರೆ ಒಂದು ಸ್ಟಾಪು. ಹರಳು ಸಣ್ಣವಾದಷ್ಟೂ ಸ್ಟಾಪು ಜಾಸ್ತಿ. ನಿನ್ನ ಶಾಖ ಸ್ಟಾಪುಗಳಲ್ಲೇ ಚದುರಿ ಹೋಗೈತೆ.”

“ಅದು ನಂಗೂ ಗೊತ್ತು. ಹರಳು ಯಾಕೆ ಸಣ್ಣವಾದ್ವು ಅನ್ನೋದೇ ಗೊತ್ತಾಗ್ತಿಲ್ಲ.”

ಇದನ್ನು ಅವಳು, ನಾನು ಶಾಖವನ್ನು ದುರ್ಗದ ಬಸ್ಸು ಹತ್ತಿಸುವ ಮೊದಲೇ ಹೇಳಬಹುದಿತ್ತು. ಮಾಡಿದ ಕೆಲಸವನ್ನೆಲ್ಲ ಮೊದಲಿನಿಂದ ಒಪ್ಪಿಸಲು ಹೇಳಿದೆ. ಬಿಲ್ಲೆಯನ್ನು ಮೊದಲು ವಜ್ರದ ಪುಡಿಯಿಂದ ಉಜ್ಜಬೇಕು. ಆ ಗೀರುಗಳಲ್ಲೇ ಹರಳು ಮೊಳೆಯುತ್ತದೆ.

“ಎಷ್ಟು ಉಜ್ಜಿದೆ?”

“ಕೈಪಿಡೀಲಿ ಬರೆದಷ್ಟು. ಆಮೇಲೆ ಇನ್ನೆರಡು ಸಲ.”

“ಯಾಕೇ?”

“ಯಾಕಂದ್ರೆ? ಮೂರು ಸಲ ಉಜ್ಜದಿದ್ರೆ ಉಜ್ಜಿದಂಗೇ ಅಲ್ಲ ಅಂತ ಕಲ್ಸಿದ್ದು ನೀನೇ ಅಲ್ವಾ?”

ಶಾಲೆಯ ರಜೆಗಳನ್ನೆಲ್ಲ ಅವಳು ನಮ್ಮ ಮನೆಯಲ್ಲೇ ಕಳೆದಿದ್ದಳು. ನಮ್ಮಲ್ಲಿ ಪೂಜೆಯ ಚೊಂಬನ್ನು ಹುಣಸೆಹಣ್ಣಿನಲ್ಲಿ ಒಮ್ಮೆ, ಬೂದಿಯಲ್ಲಿ ಒಮ್ಮೆ ಉಜ್ಜಬೇಕು. ಆ ಎರಡು ಸಲವೂ ನಾನು ಎದುರಿಗೆ ಇರುವುದಿಲ್ಲವಾದ್ದರಿಂದ, ಮೂರನೆಯ ಸಲ ನನ್ನ ಕಣ್ಣೆದುರು ಉಜ್ಜಬೇಕು.

ಗೀರು ಹೆಚ್ಚಾಗಿ ಮೊಳಕೆ ಹೆಚ್ಚಾಗಿತ್ತು. ಒತ್ತೊತ್ತಾಗಿ ಎದ್ದ ಹರಳುಗಳಿಗೆ ಅಗಲವಾಗಲು ಜಾಗವಿರಲಿಲ್ಲ. ಪದರ ದಪ್ಪವಾಗಿದ್ದರೆ ಮೇಲೇರುತ್ತಾ ಕೆಲವು ಹರಳು ಉಳಿದವನ್ನು ಮುಚ್ಚಿ ಬಲಿಯುತ್ತಿದ್ದವು. ತೆಳು ಪದರ ಅಷ್ಟರೊಳಗೇ ಮುಗಿದಿತ್ತು.

“ಇದರಲ್ಲಿ ನಿಮ್ಮ ಮಾರ್ಗದರ್ಶಕರ ತಪ್ಪು ಏನೂ ಇಲ್ವೇನೇ?” ಎಂದು ಕೇಳಿದೆ.

“ನನ್ನ ಅಳತೆ ಸರಿಯಾಗೇ ಐತಲ್ಲ, ಅದು ತಪ್ಪು ಅಂದಿದ್ದು ಅವರ ತಪ್ಪು.”

ಅಷ್ಟನ್ನು ನಾನು ಗುರುತು ಹಾಕಿಕೊಂಡೆ. ಭಾನುವಾರ ಇಬ್ಬರೂ ಕುಳಿತು ಎರಡು ಪುಟ ವಿವರಣೆ ಬರೆದೆವು. ಅದನ್ನು ಓದಿದ ಮಾರ್ಗದರ್ಶಕರು, ಕೈಪಿಡಿಯಷ್ಟೇ ಉಜ್ಜಿ ಇನ್ನೊಂದು ಪದರ ಬೆಳೆಸಲು ಹೇಳಿದರು. ಹರಳು ದೊಡ್ಡವಾದವು, ಶಾಖ ಹರಿಯಿತು, ಅಧ್ಯಾಯ ಉಳಿಯಿತು. ನನಗೆ ಅವರಿಂದ ಒಂದು ಮಾತೂ ಬರಲಿಲ್ಲ.

ಅಧ್ಯಾಯದ ಕರಡನ್ನು ತಿದ್ದಲು ಹುಡುಗಿ ನನಗೆ ಕಳಿಸಿದ್ದಳು. ಶಾಖದ ಹರಿವು ಕುಂಠಿತವಾಗಲು ಮೂಲ ಕಾರಣ “ಅನಗತ್ಯವಾದ, ಅತಿಯಾದ ಉಜ್ಜುವಿಕೆ” ಎಂಬರ್ಥದ ವಾಕ್ಯವಿತ್ತು. ಆ ಎರಡು ವಿಶೇಷಣಗಳನ್ನು ತೆಗೆಯುವಂತೆ ಫೋನಿನಲ್ಲಿ ಹೇಳಿದೆ.

“ಅವನ್ನ ತೆಗೆದ್ರೆ ಅಧ್ಯಾಯದಲ್ಲಿ ಇನ್ನೇನು ಉಳೀತೈತೆ, ದೊಡ್ಡಮ್ಮ?” ಎಂದಳು.

ಅಚ್ಚಾದ ಪ್ರತಿಯಲ್ಲಿ ಎರಡೂ ಇವೆ. ಪುಟದ ಸಂಖ್ಯೆ ನನಗೆ ನೆನಪಿದೆ.