ಸರ್ದಾರನ ಕಾಯಕ

ಬೆಳಗ್ಗೆ ಅತ್ತೆಯವರ ಪೂಜೆಯ ವಸ್ತ್ರ ಒಣಹಾಕುವಾಗ ಅದರ ಮೂಲೆಯ ತೂತು ಕಣ್ಣಿಗೆ ಬಿತ್ತು. ಇಲಿ ಕಡಿದ ಹಳೆಯ ತೂತು. ಇವತ್ತಾದರೂ ಹೊಲಿದುಬಿಡೋಣ ಎಂದು ಸೂಜಿದಾರ ತಂದುಕೊಂಡು ಅಂಗಳದಲ್ಲಿ ಕೂತೆ. ಕೂತರೆ ನೆನಪು ಬಿಡಬೇಕಲ್ಲ.

ಆಗ ನೆಲೋಗಿಯ ನಮ್ಮ ಮನೆಯಲ್ಲಿ ಇಲಿಗಳದೇ ದರ್ಬಾರು. ಜೋಳದ ಚೀಲ ಮುಗಿಸಿ ದೇವರ ಕೋಣೆಗೂ ಬಂದವು. ವಿಷ ಇಡಲು ಅತ್ತೆ ಒಪ್ಪಲಿಲ್ಲ. ನಾಯಿ ಇದ್ದರೆ ಹೆದರಿ ಓಡುತ್ತವೆ ಎಂದು ಮರಿಯೊಂದನ್ನು ಕೊಳ್ಳಲು ಕಲಬುರಗಿಗೆ ಹೋದೆವು. ನಮ್ಮ ಮನೆಯವರಿಗೆ ಕುದುರೆಯಂಥ ನಾಯಿ ಬೇಕಿತ್ತು. ನಾನು ನನ್ನ ಸೆರಗು ಜಗ್ಗುತ್ತಿದ್ದ ಗೇಣುದ್ದದ, ಟೆರಿಯರ್ ಎಂಬ ಪುಟ್ಟ ಜಾತಿಯ ಮರಿಯನ್ನು ತೋರಿಸಿದೆ.

“ಇದು ನಾಯಿನೋ ಅಳಿಲೋ?” ಅಂದರು. ನಾನು ಹಟ ಬಿಡಲಿಲ್ಲ. ಬಸ್ಸಿನಲ್ಲಿ ಅವರೇ ಅಣಕಿಸಿ ಸರ್ದಾರ ಎಂದು ಹೆಸರಿಟ್ಟರು.

ಸರ್ದಾರ ನಿಂತದ್ದನ್ನು ನಾವು ಕಾಣಲಿಲ್ಲ. ಅಂಗಳ ತೋಡಿದ, ಚಪ್ಪಲಿಗಳನ್ನು ತಿಪ್ಪೆಗೆ ಸಾಗಿಸಿದ. ರೊಟ್ಟಿ ಬಡಿಯುವ ಮೊದಲು ಹೊಲದ ತನಕ ಓಡಿಸಿಕೊಂಡು ಬಂದರಷ್ಟೇ ಮನೆ ಉಳಿಯುತ್ತಿತ್ತು. ಅವನ ದೆಸೆಯಿಂದ ನನ್ನ ಮೊಣಕಾಲು ನೋವೂ ಹೋಯಿತು, ಶಿವನ ದಯೆ.

ಅತ್ತೆ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರು: “ಪೂಜಿಗಿ ಅಡ್ಡ ಬಂತಂದ್ರ ಹಿರೋಳ್ಳಿಗೆ ನಿಮ್ಮ ತಮ್ಮನ ಹೊಲಕ್ಕ ಕಳಿಸಿಬಿಡ್ತೇನಿ ನೋಡು.” ನಾನು ಹಟ ಹಿಡಿದು ತಂದ ಜೀವ, ಅದು ಹೋದರೆ ಈ ಮನೆಯಲ್ಲಿ ನನ್ನ ಮಾತಿಗೆ ಇನ್ನೇನು ಬೆಲೆ?

ರೊಟ್ಟಿ ಮಜ್ಜಿಗೆ ಉಂಡು ಬೆಳೆದ ನಾಯಿ ಇಲಿ ಕೊಂದೀತು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಒಂದು ಬೆಳಗ್ಗೆ ಅತ್ತೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಾರೆ. ನಡುವೆ ಏಳುವಂತಿಲ್ಲ, ಮಾತಾಡುವಂತಿಲ್ಲ. ಸರ್ದಾರ ಸತ್ತ ಇಲಿಯೊಂದನ್ನು ತಂದು ಅವರ ಮೊಣಕಾಲ ಮುಂದಿಟ್ಟು, ಬಾಲ ಅಲ್ಲಾಡಿಸುತ್ತ ಕೂತ. ಅತ್ತೆ ಕಣ್ಣು ಮುಚ್ಚಿಕೊಂಡರು. ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ನಿಂತ ನಾನು, ಮುಗಿಯಿತು ಕಥೆ ಅಂದುಕೊಂಡೆ.

ಪೂಜೆ ಮುಗಿಸಿ ಅವರು ಇಲಿ ನೋಡಿದರು, ವಸ್ತ್ರದ ತೂತು ನೋಡಿದರು.

“ಅದು ತನ್ನ ಕಾಯಕ ಮಾಡ್ಯದ, ನಾ ನಂದು ಮಾಡೇನಿ. ನೀ ಏನ್ ನೋಡಕೋತ ನಿಂತಿಬೇ? ಇಲಿ ಎತ್ತಿ ಹೊರಗ ಒಗಿ.”

“ಹಿರೋಳ್ಳಿಗೆ ಕಳಿಸೂದು, ಅತ್ತಿ?”

“ಬೇಕಾದ್ರ ನೀ ಹೋಗಿ ಬಾ.”

ಇಷ್ಟು ನೆನೆಯುವಷ್ಟರಲ್ಲಿ ಪಕ್ಕದ ಮನೆಗೆ ಹೊಸದಾಗಿ ಬಂದ ಮೆಹಬೂಬಿ ಅಂಗಳದಲ್ಲಿದ್ದ ಸರ್ದಾರನನ್ನು ನೋಡಿ ಗೋಡೆಯಾಚೆಯಿಂದ ಕೇಳಿದಳು: “ಇಂಥಾ ನಾಯಿ ಯಾರು ತಂದಾರ್ರಿ, ಅಮ್ಮಾ? ನಮ್ಮನ್ಯಾಗೂ ಇಲಿ ಭಾಳ ಆಗ್ಯಾವ.”

ಕಾಳು ಹಸನು ಮಾಡುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. “ನಮ್ಮ ಸೊಸಿ ಆರಿಸಿ ತಂದಾಳ. ಆಕಿನ್ನ ಕೇಳು.”

ನಾನು ಸೂಜಿದಾರವನ್ನು ಡಬ್ಬಿಗೆ ವಾಪಸು ಹಾಕಿದೆ. ಸರ್ದಾರನನ್ನು ಈ ಮನೆಯಲ್ಲಿ ಉಳಿಸಿದ ತೂತು, ಇರಲಿ.